ಬ್ರದರ್‌ಗಳ ಅಡುಗೆಮನೆ, ನಮ್ಮ ವೇದಿಕೆ

ಮೊದಲೇ ಹೇಳಿಬಿಡುತ್ತೇನೆ. ಈ ಬರಹ ಓದಿ ನಮ್ಮ ಕನ್ನಡ ಸಂಘದ ಗೆಳೆಯರು ಕೆಲವರು ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ. ಇಲ್ಲಿ ಬೈಸಿಕೊಳ್ಳುವವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ. ಹದಿನಾರು ವರ್ಷದಿಂದ ಪುಣೆಯಲ್ಲಿದ್ದೇನೆ, ಖರಾಡಿಯ ಐಟಿ ಪಾರ್ಕಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ಸಂಘದ ಕಾರ್ಯಕ್ರಮ ಸಮಿತಿಯಲ್ಲಿ ನಾಲ್ಕು ವರ್ಷ ದುಡಿದವನು. ನನ್ನ ವಾದ ಇಷ್ಟು: ಊರು ಬಿಟ್ಟು ಬಂದ ನಾವು ಹಬ್ಬವನ್ನು ಉಳಿಸಿಕೊಂಡಿದ್ದೇವೆ, ಹಬ್ಬವನ್ನು ಯಾರ ಜೊತೆ ಮಾಡಬೇಕೋ ಅವರನ್ನು ಕಳೆದುಕೊಂಡಿದ್ದೇವೆ. ಇದು ನನಗೆ ಹೊಳೆದದ್ದು ಕೆಲವು ಕ್ಯಾಥೊಲಿಕ್ ಸನ್ಯಾಸಿ ವಿದ್ಯಾರ್ಥಿಗಳ ಮನೆಯಲ್ಲಿ. ನಾನು ಕ್ರೈಸ್ತನಲ್ಲ. ಹಾವೇರಿ ಜಿಲ್ಲೆಯವನು, ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವನು.

ನಮ್ಮ ನಗರ ರಸ್ತೆಯ ರಾಮವಾಡಿ ಭಾಗ ಗೊತ್ತಿರುವವರಿಗೆ ಅಲ್ಲಿನ ಪೇಪಲ್ ಸೆಮಿನರಿ, ಜ್ಞಾನದೀಪ ವಿದ್ಯಾಪೀಠ ಗೊತ್ತಿರುತ್ತವೆ. ಆ ಸೆಮಿನರಿಯೂ ನಮ್ಮ ಹಾಗೆ ವಲಸೆ ಬಂದದ್ದೇ. 1893ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಶುರುವಾಗಿ 1955ರಲ್ಲಿ ಪುಣೆಗೆ ಬಂತು. ತತ್ವಶಾಸ್ತ್ರ, ದೈವಶಾಸ್ತ್ರ ಓದಲು ದೇಶದ ನಾನಾ ಕಡೆಯಿಂದ ಹುಡುಗರು ಇಲ್ಲಿಗೆ ಬರುತ್ತಾರೆ. ಬೇರೆ ಬೇರೆ ಸನ್ಯಾಸಿ ಸಭೆಗಳ ವಿದ್ಯಾರ್ಥಿ ನಿವಾಸಗಳೂ ಈ ಊರಲ್ಲಿವೆ. ಅಂಥ ಒಂದು ಫ್ರಾನ್ಸಿಸ್ಕನ್ ನಿವಾಸದಿಂದ ಮಂಡ್ಯ ಕಡೆಯ ಬ್ರದರ್ ಒಬ್ಬರು ನಮ್ಮ ಸಂಘದ ಪುಸ್ತಕದ ಪೆಟ್ಟಿಗೆ ಹುಡುಕಿಕೊಂಡು ಬಂದರು. 'ಓದೋದೆಲ್ಲ ಇಂಗ್ಲಿಷಲ್ಲಿ ಸಾರ್. ನಾಳೆ ಊರಿಗೋಗಿ ಕನ್ನಡದಲ್ಲೇ ಪ್ರಸಂಗ ಮಾಡ್ಬೇಕು. ನಾಲಿಗೆ ತುಕ್ಕು ಹಿಡೀಬಾರ್ದಲ್ಲ' ಅಂದರು. ಪರಿಚಯವಾಯಿತು. ಅಕ್ಟೋಬರ್ 3ರ ಸಂಜೆ ಮನೆಗೆ ಬನ್ನಿ ಅಂತ ಕರೆದರು.

ಇವರನ್ನು ಇಂಗ್ಲಿಷಿನಲ್ಲಿ ಫ್ರಯರ್ ಅನ್ನುತ್ತಾರೆ. ಲ್ಯಾಟಿನ್ನಿನ ಫ್ರಾತೆರ್, ಅಂದರೆ ಸಹೋದರ ಅನ್ನುವುದರಿಂದ ಬಂದ ಮಾತು. ಒಂದೇ ಆಶ್ರಮದಲ್ಲಿ ಕಡೇತನಕ ಉಳಿಯುವ ಸನ್ಯಾಸಿಗಳ ಪರಂಪರೆ ಬೇರೆ. ಫ್ರಯರ್‌ಗಳು ಕಳಿಸಿದ ಊರಿಗೆ ಹೋಗುವವರು; ನಮ್ಮ ಜಂಗಮ ಅನ್ನುವ ಮಾತು ಇವರಿಗೆ ಹತ್ತಿರ. ಅಸ್ಸಿಸಿಯ ಫ್ರಾನ್ಸಿಸ್ ತನ್ನ ಕೂಟಕ್ಕೆ 'ಕಿರಿಯ ಸಹೋದರರು' ಅಂತ ಹೆಸರಿಟ್ಟ. ಮೇಲ್ವಿಚಾರಕನನ್ನು ಮಿನಿಸ್ಟರ್ ಅಂದ, ಅಂದರೆ ಸೇವಕ. ಆ ಪದ ನಮ್ಮಲ್ಲಿ 2017ರವರೆಗೆ ಕೆಂಪು ದೀಪದ ಕಾರಿಗೆ ಏರಿ ಕೂತಿದ್ದದ್ದು ಬೇರೆ ಕತೆ.

ಅಕ್ಟೋಬರ್ 4 ಫ್ರಾನ್ಸಿಸ್‌ನ ಹಬ್ಬ. ಆತ ತೀರಿಕೊಂಡದ್ದು 1226ರ ಅಕ್ಟೋಬರ್ 3ರ ಸಂಜೆ. ಜಗತ್ತಿನ ಎಲ್ಲ ಕಡೆ ಫ್ರಾನ್ಸಿಸ್ಕನ್ನರು ಆ ಸಂಜೆ ಅವನ ಸಾವನ್ನು ನೆನೆಯುತ್ತಾರೆ. ಸಾಯುವ ಮುಂಚೆ ಆತ ಬರಿ ನೆಲದ ಮೇಲೆ ಮಲಗಿಸಿ ಅಂದನಂತೆ, ರೊಟ್ಟಿ ತರಿಸಿ ಸಹೋದರರಿಗೆ ಮುರಿದು ಕೊಟ್ಟನಂತೆ. ನಾನು ಸ್ವಲ್ಪ ಮುಂಚೆಯೇ ಹೋಗಿದ್ದೆ. ವೇದಿಕೆ ಎಲ್ಲಿ ಅಂತ ಕಣ್ಣಾಡಿಸಿದೆ, ಅಭ್ಯಾಸಬಲ. ವೇದಿಕೆ ಇರಲಿಲ್ಲ. ಬ್ರದರ್ ನನ್ನನ್ನು ನೇರ ಅಡುಗೆಮನೆಗೆ ಕರೆದುಕೊಂಡು ಹೋಗಿ ಬೆಳ್ಳುಳ್ಳಿ ಸುಲಿಯಲು ಕೂರಿಸಿದರು. ಕೇರಳದವನೊಬ್ಬ ತೆಂಗಿನಕಾಯಿ ತುರಿಯುತ್ತಿದ್ದ. ಗೋವಾದವನು ಮಾಂಸಕ್ಕೆ ಮಸಾಲೆ ಹಚ್ಚುತ್ತಿದ್ದ. ನಮ್ಮ ಮಂಡ್ಯದವರು ಇಲ್ಲಿಯ ಅಂಗಡಿಯ ನಾಚಣಿ ಹಿಟ್ಟು ತಂದು, ಎಲ್ಲರ ತಮಾಷೆಯ ನಡುವೆ ಮುದ್ದೆ ಕಟ್ಟುತ್ತಿದ್ದರು. ಕೇಟರಿಂಗ್‌ನವರು ಯಾರೂ ಇರಲಿಲ್ಲ.

ಅಡುಗೆಮನೆಯ ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ್ದರು. ನಾನು ಪಟ್ಟಿ ಕಂಡರೆ ಓದದೆ ಬಿಡುವವನಲ್ಲ. ಪಾತ್ರೆ, ಕಸ, ತೋಟ, ಪ್ರಾರ್ಥನಾ ಮಂದಿರ, ಬಡಿಸುವುದು. ವಾರವಾರ ಹೆಸರು ಬದಲು. ಮನೆಯ ಹಿರಿಯರಾದ ಗಾರ್ಡಿಯನ್ ಫಾದರ್ ಹೆಸರೂ ಪಾತ್ರೆಯ ಕೆಳಗೆ ಇತ್ತು. ಕೊನೆಯ ಸಾಲು: ಕಾಯಿಲೆಯವರ ಆರೈಕೆ. ಅದರ ಮುಂದೆ ಎರಡು ಹೆಸರು, ಒಂದು ಹಗಲಿಗೆ, ಒಂದು ರಾತ್ರಿಗೆ. ಆ ಮನೆಯಲ್ಲಿ ಹಾಸಿಗೆ ಹಿಡಿದ ವಯಸ್ಸಾದ ಫಾದರ್ ಒಬ್ಬರಿದ್ದರು. ಸಂಜೆಯ ಪ್ರಾರ್ಥನೆ ಅವರ ಕೋಣೆಯ ಮುಂದಿನ ಪಡಸಾಲೆಯಲ್ಲೇ ನಡೆಯಿತು. ಕೋಣೆಯ ಬಾಗಿಲು ತೆರೆದಿಟ್ಟು, ಮೇಣದ ಬತ್ತಿ ಹಿಡಿದು, ಇಪ್ಪತ್ತು ಇಪ್ಪತ್ತೈದು ಜನ ನೆಲದ ಮೇಲೆ ಕೂತರು. ಕೀರ್ತನೆ ಹಾಡಿದರು. ರೊಟ್ಟಿ ಮುರಿದು ಹಂಚಿದರು. ಮೊದಲ ತುಂಡು ಒಳಗಿನ ಮುದುಕರಿಗೆ ಹೋಯಿತು. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ಯಾರೂ ಯಾರಿಗೂ ಶಾಲು ಹೊದಿಸಲಿಲ್ಲ.

ಇದೇ ತಿಂಗಳು ನಮ್ಮ ರಾಜ್ಯೋತ್ಸವದ ತಯಾರಿ ಜೋರಾಗಿತ್ತು. ಎಕ್ಸೆಲ್ ಶೀಟ್ ನನ್ನ ಕೈಯಲ್ಲಿ. ಡೊಳ್ಳಿನ ತಂಡದಲ್ಲಿ ಗದಗ ಕಡೆಯ ಹುಡುಗನೊಬ್ಬನಿದ್ದ, ಆ ವರ್ಷವಷ್ಟೇ ಕೆಲಸಕ್ಕೆ ಸೇರಿ ಪುಣೆಗೆ ಬಂದವನು. ಅಕ್ಟೋಬರ್ ಮಧ್ಯದಲ್ಲಿ ಅವನು ಎರಡು ರಿಹರ್ಸಲ್‌ಗೆ ಬರಲಿಲ್ಲ, ವಾಟ್ಸಾಪಿಗೆ ಉತ್ತರಿಸಲಿಲ್ಲ. ನಾನು ಏನು ಮಾಡಿದೆ? ಆಫೀಸಿನಲ್ಲಿ ಮಾಡುವುದನ್ನೇ ಮಾಡಿದೆ. ಅವನ ಹೆಸರಿನ ಮುಂದೆ 'ಅಲಭ್ಯ' ಅಂತ ಬರೆದು ಇನ್ನೊಬ್ಬನನ್ನು ಹಾಕಿದೆ. ಸಾಲಿನ ಬಣ್ಣ ಮತ್ತೆ ಹಸಿರಾಯಿತು.

ಕಾರ್ಯಕ್ರಮದ ದಿನ ಅವನು ಬಂದ. ಗುರುತೇ ಸಿಗದಷ್ಟು ಸೊರಗಿದ್ದ. ಡೆಂಗಿ ಆಗಿತ್ತಂತೆ. ಆರು ದಿನ ಪಿಜಿಯ ಕೋಣೆಯಲ್ಲಿ ಒಬ್ಬನೇ ಬಿದ್ದಿದ್ದ. ಊರಲ್ಲಿ ಅಪ್ಪ ಅವ್ವನಿಗೆ ಗಾಬರಿಯಾಗುತ್ತದೆ ಅಂತ ತಿಳಿಸಿರಲಿಲ್ಲ. ಏಳನೆಯ ದಿನ ಪಿಜಿಯ ಅಡುಗೆಯ ಬಾಯಿ, ಮರಾಠಿ ಹೆಂಗಸು, ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದಳು. 'ನಮಗ್ಯಾಕ ಹೇಳಲಿಲ್ಲೋ ತಮ್ಮಾ?' ಅಂದೆ. 'ಇರ್ಲಿ ಬಿಡ್ರಿ ಸರ್, ಎಲ್ಲಾರೂ ಗಡಿಬಿಡ್ಯಾಗ ಇದ್ರಿ' ಅಂದ. ಹಳದಿ ಕೆಂಪು ಟೀ ಶರ್ಟು ಕೊಟ್ಟೆವು. ಸಡಿಲವಾಗಿತ್ತು. ನನ್ನ ಶೀಟಿನಲ್ಲಿ ಅವನ ಟೀ ಶರ್ಟಿನ ಅಳತೆ ಇತ್ತು, ಅವನು ಇರುವ ಪಿಜಿಯ ವಿಳಾಸ ಇರಲಿಲ್ಲ. ಸಂಘದ ವಾಟ್ಸಾಪ್ ಗುಂಪಿನಲ್ಲಿ ನಾನೂರು ಜನ ಇದ್ದೇವೆ.

ಆಮೇಲೆ ನಾನು ಫ್ರಾನ್ಸಿಸ್‌ನ ನಿಯಮಾವಳಿಯನ್ನು ಬ್ರದರ್ ಕೈಯಿಂದ ಪಡೆದು ಓದಿದೆ. ಚಿಕ್ಕದು, ಹನ್ನೆರಡೇ ಅಧ್ಯಾಯ. ಆರನೆಯದರಲ್ಲಿ ಒಂದು ಮಾತಿದೆ. ಸಹೋದರರು ತಮಗೆ ಬೇಕಾದದ್ದನ್ನು ಸಂಕೋಚವಿಲ್ಲದೆ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಯಾರಾದರೂ ಕಾಯಿಲೆ ಬಿದ್ದರೆ, ತಾವು ಬಿದ್ದಾಗ ಹೇಗೆ ನೋಡಿಕೊಳ್ಳಬೇಕೆಂದು ಬಯಸುತ್ತೇವೋ ಹಾಗೆ ಉಳಿದವರು ನೋಡಿಕೊಳ್ಳಬೇಕು ಅನ್ನುವ ಅರ್ಥದ್ದು. ಈ ನಿಯಮಕ್ಕೆ ಪೋಪರ ಒಪ್ಪಿಗೆ ಸಿಕ್ಕಿದ್ದು 1223ರ ನವೆಂಬರ್ 29ರಂದು. ಅದೇ ವರ್ಷದ ಕ್ರಿಸ್ಮಸ್‌ಗೆ ಫ್ರಾನ್ಸಿಸ್ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ಇಟ್ಟು ಯೇಸುವಿನ ಹುಟ್ಟಿನ ದೃಶ್ಯ ಕಟ್ಟಿದ. ಇವತ್ತು ಕ್ಯಾಥೊಲಿಕ್ ಮನೆಮನೆಯಲ್ಲಿ ಇಡುವ ಗೋದಲಿಯ ಪದ್ಧತಿ ಹರಡಿದ್ದು ಆ ರಾತ್ರಿಯ ಪ್ರೇರಣೆಯಿಂದ. ಅವನಿಗೆ ಕ್ರಿಸ್ಮಸ್ ಎಷ್ಟು ಇಷ್ಟವೆಂದರೆ, ಆ ದಿನ ಬಡವರಿಗೆ ಹೊಟ್ಟೆತುಂಬ ಊಟ, ದನಗಳಿಗೂ ಹೆಚ್ಚಿನ ಹುಲ್ಲು ಸಿಗಬೇಕು ಅನ್ನುತ್ತಿದ್ದನಂತೆ. ಅಂದರೆ ಕಾಯಿಲೆಯವನನ್ನು ನೋಡಿಕೊಳ್ಳುವ ಕಟ್ಟಳೆ ಮತ್ತು ಹಬ್ಬದ ಸಡಗರ, ಎರಡೂ ಒಂದೇ ಮನುಷ್ಯನಿಂದ, ಒಂದೇ ತಿಂಗಳ ಅಂತರದಲ್ಲಿ ಬಂದವು. ನಾವು ಎರಡನೆಯದನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ಸಮಿತಿಯಲ್ಲಿ ಇದನ್ನೆಲ್ಲ ಹೇಳಿದಾಗ ಬಂದ ಮೊದಲ ಉತ್ತರ: 'ಅವರಿಗೇನ್ರಿ, ಹೆಂಡ್ತಿ ಮಕ್ಕಳಿಲ್ಲ, ಇಎಂಐ ಇಲ್ಲ. ನಮಗೆ ಟೈಮ್ ಎಲ್ಲಿದೆ?' ಲೆಕ್ಕ ಹಾಕೋಣ. ಆ ರಾಜ್ಯೋತ್ಸವಕ್ಕೆ ನಾವು ಹನ್ನೊಂದು ಸಭೆ ನಡೆಸಿದೆವು. ಸಭೆಗೆ ಹದಿನಾಲ್ಕು ಜನ, ಎರಡೆರಡು ಗಂಟೆ. ಮುನ್ನೂರ ಎಂಟು ಗಂಟೆ ಬರಿ ಸಭೆಗೆ. ಅದರಲ್ಲಿ ಅರ್ಧ ಸಭೆ ಅತಿಥಿಯಾಗಿ ಯಾರನ್ನು ಕರೆಯಬೇಕು ಅನ್ನುವುದಕ್ಕೇ ಹೋಯಿತು. ಟೈಮ್ ಇತ್ತು.

ಎರಡನೆಯ ಉತ್ತರ: ಅವರದು ವ್ರತ, ಕಟ್ಟುಪಾಡು, ನಮ್ಮದು ಮನಸ್ಸಿದ್ದವರು ಬಂದು ಸೇರುವ ಸಂಘ. ಸರಿ. ಆದರೆ ನಮ್ಮಲ್ಲಿ ಬಹುತೇಕರು ಸರ್ವರ್‌ಗಳನ್ನು ನೋಡಿಕೊಳ್ಳುವವರು. ರಾತ್ರಿ ಎರಡಕ್ಕೆ ಯಾವುದೋ ದೇಶದ ಯಾವುದೋ ಅಂಗಡಿಯ ಪೇಮೆಂಟ್ ನಿಂತರೆ ಎದ್ದು ಕೂರಲು ಆನ್-ಕಾಲ್ ಸರದಿ ಇದೆ, ಅವನು ಎತ್ತದಿದ್ದರೆ ಮುಂದೆ ಯಾರಿಗೆ ಫೋನ್ ಅಂತಲೂ ಬರೆದಿಟ್ಟಿದ್ದೇವೆ. ಅದಕ್ಕೆ ಯಾವ ವ್ರತವೂ ಬೇಕಾಗಲಿಲ್ಲ. ಜ್ವರ ಬಂದ ಕನ್ನಡದ ಹುಡುಗನಿಗೆ ಸರದಿ ಹಾಕಲು ಮಾತ್ರ ಸನ್ಯಾಸ ಬೇಕೆ?

ಮೂರನೆಯದನ್ನು ಯಾರೂ ಸಭೆಯಲ್ಲಿ ಹೇಳಲಿಲ್ಲ, ಪಾರ್ಕಿಂಗಿನಲ್ಲಿ ಹೇಳಿದರು: 'ನೀವು ಅವರ ಕಡೆ ವಾಲ್ತಾ ಇದೀರಿ.' ಈ ಮಾತಿಗೆ ನನಗೆ ಸಿಟ್ಟು ಬರುತ್ತದೆ. ನನ್ನ ಪ್ರಸಾದ ನಿಲಯದಲ್ಲೂ ಕಸಕ್ಕೆ, ನೀರಿಗೆ, ಬಡಿಸುವುದಕ್ಕೆ ಸರದಿ ಇತ್ತು. ಜಾತ್ರೆಯ ದಿನ ಊಟಕ್ಕೆ ಕೂರುವ ಮುಂಚೆ ನಾವು ಹುಡುಗರು ಸಾವಿರ ಜನಕ್ಕೆ ಬಡಿಸುತ್ತಿದ್ದೆವು. ದಾಸೋಹ ಅನ್ನುವ ಪದ ಸಂಘದ ಭಾಷಣಗಳಲ್ಲಿ ಪ್ರತಿ ವರ್ಷ ಕೇಳುತ್ತೇನೆ, ಕೇಟರಿಂಗ್‌ನವನು ಬಫೆ ಜೋಡಿಸುತ್ತಿರುವಾಗ. ನನ್ನದೇ ಮನೆಯಲ್ಲಿ ಇದ್ದದ್ದನ್ನು ನಾನು ಮರೆತಿದ್ದೆ. ಬೇರೆಯವರ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುವಾಗ ನೆನಪಾಯಿತು. ಇದರಲ್ಲಿ ವಾಲುವುದು ಎಲ್ಲಿ ಬಂತು?

ಬ್ರದರ್‌ಗಳ ಮನೆ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಅವರಲ್ಲೂ ಭಾಷೆಯ ಗುಂಪುಗಳಿವೆ. ಕನ್ನಡದವರು, ಕೊಂಕಣಿಯವರು, ಮಲಯಾಳಿಗಳು ಊಟದ ಮೇಜಿನಲ್ಲಿ ಒಂದೊಂದು ಕಡೆ ಸೇರುತ್ತಾರೆ ಅಂತ ಬ್ರದರೇ ಹೇಳಿದರು. ಪಾತ್ರೆ ತೊಳೆಯದೆ ಜಾರಿಕೊಳ್ಳುವವರೂ ಇದ್ದಾರಂತೆ. ವ್ಯತ್ಯಾಸ ಒಂದೇ, ಅವರು ಆಗಾಗ ಎಲ್ಲರೂ ಒಟ್ಟಿಗೆ ಕೂತು ಮನೆಯ ಚಾಪ್ಟರ್ ನಡೆಸುತ್ತಾರೆ. ಜಾರಿಕೊಂಡವನ ಹೆಸರು ಅಲ್ಲಿ ಅವನ ಎದುರೇ ಬರುತ್ತದೆ. ನಮ್ಮಲ್ಲಿ ಅದು ಬೇರೆ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ.

ರಾಜ್ಯೋತ್ಸವ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಡೊಳ್ಳು ಇರಲಿ, ಬಾವುಟ ಇರಲಿ. ಈ ಸಲ ಸಮಿತಿಯ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಒಂದು, ಟೀ ಶರ್ಟಿನ ಅಳತೆ ಕೇಳುವ ಮೊದಲು ವಿಳಾಸ, ರಕ್ತದ ಗುಂಪು, ಊರಿನ ಒಂದು ಫೋನ್ ನಂಬರ್ ಬರೆದುಕೊಳ್ಳುವುದು. ಎರಡು, ಬಡಾವಣೆಗೆ ಇಬ್ಬರಂತೆ ಆರೈಕೆಯ ಸರದಿ, ತಿಂಗಳಿಗೊಮ್ಮೆ ಬದಲು, ಅಧ್ಯಕ್ಷರನ್ನೂ ಬಿಡದೆ. ಮೂರು, ರಾಜ್ಯೋತ್ಸವದ ಊಟ ನಾವೇ ಬೇಯಿಸುವುದು. ಉಪ್ಪು ಹೆಚ್ಚುಕಮ್ಮಿ ಆದರೆ ಆಗಲಿ.

ಸಮಿತಿ ಒಪ್ಪದಿದ್ದರೆ ನಾನು ಕಾಯುವುದಿಲ್ಲ. ವಡಗಾಂವ್ ಶೇರಿ, ಖರಾಡಿ, ವಿಮಾನ್ ನಗರದ ಕಡೆ ಪಿಜಿಯಲ್ಲಿ ಇರುವ ಹುಡುಗ ಹುಡುಗಿಯರೇ, ತಿಂಗಳ ಮೊದಲ ಶನಿವಾರ ಸಂಜೆ ನಮ್ಮ ಮನೆಗೆ ಬನ್ನಿ. ಗದಗದ ತಮ್ಮ ಆಗಲೇ ಹೂಂ ಅಂದಿದ್ದಾನೆ, ಮಂಡ್ಯದ ಬ್ರದರ್ ಮುದ್ದೆ ಕಟ್ಟಲು ಬರುತ್ತಾರೆ. ಮೊದಲ ತಿಂಗಳು ಪಾತ್ರೆಯ ಸರದಿ ನನ್ನದು.