22ಕ್ಕೆ 2 ಇದ್ದಾಗ ನೀವೆಲ್ಲ ಎಲ್ಲಿದ್ದಿರಿ?

ತರಬೇತುದಾರ ಬಿ.ಸಿ. ರಮೇಶ್ ಅವರನ್ನು ಕಿತ್ತುಹಾಕಬೇಕಂತೆ. ಪ್ರೊ ಕಬಡ್ಡಿಯ 2025ರ 12ನೇ ಆವೃತ್ತಿ ಮುಗಿದು ಮ್ಯಾಟು ಸುತ್ತಿ ಇಡುವ ಮೊದಲೇ ಬೆಂಗಳೂರು ಬುಲ್ಸ್ ಅಭಿಮಾನಿಗಳೆಂದು ಎದೆ ತಟ್ಟಿಕೊಳ್ಳುವವರ ತೀರ್ಪು ಬಂದಾಗಿದೆ. ದಕ್ಷಿಣ ಸೊಲ್ಲಾಪುರ ತಾಲೂಕಿನ ನಮ್ಮ ಮಂದ್ರೂಪದ ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಈ ತೀರ್ಪನ್ನು ದಿನಕ್ಕೊಮ್ಮೆ ಓದಿ ಹೇಳಲಾಗುತ್ತಿದೆ. 'ಲೀಗದಾಗ ಹುಲಿ, ಪ್ಲೇಆಫ್‌ದಾಗ ಇಲಿ, ತಗದ ಒಗೀರಿ ಕಾಕಾ ಅವನ್ನ' ಎನ್ನುತ್ತಾನೆ ಒಬ್ಬ. ಉಳಿದವರು ತಲೆ ಆಡಿಸುತ್ತಾರೆ. ಆ ತಲೆಗಳಲ್ಲಿ ಒಂದಕ್ಕಾದರೂ ಹಿಂದಿನ ವರ್ಷದ ನೆನಪಿದೆಯೇ ಎಂಬುದು ನನ್ನ ಪ್ರಶ್ನೆ.

ಇಲ್ಲದಿದ್ದರೆ ನಾನು ನೆನಪಿಸುತ್ತೇನೆ. 2024ರ 11ನೇ ಆವೃತ್ತಿಯಲ್ಲಿ ಬುಲ್ಸ್ ಆಡಿದ್ದು 22 ಪಂದ್ಯ, ಗೆದ್ದದ್ದು 2. ಹನ್ನೆರಡು ತಂಡಗಳ ಪಟ್ಟಿಯಲ್ಲಿ ಹನ್ನೆರಡನೇ ಸ್ಥಾನ. ಅದಕ್ಕಿಂತ ಕೆಳಗೆ ಇಳಿಯಲು ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಆ ತಂಡದ ನಾಯಕ ಯಾರು? ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ದಾಳಿ ಅಂಕ ಗಳಿಸಿದ ಪರದೀಪ್ ನರ್ವಾಲ್. ತರಬೇತುದಾರ ಯಾರು? 2014ರ ಮೊದಲ ಆವೃತ್ತಿಯಿಂದ ಕುರ್ಚಿ ಬಿಟ್ಟು ಏಳದ ರಣಧೀರ್ ಸಿಂಗ್ ಸೆಹ್ರಾವತ್. ಹನ್ನೊಂದು ಆವೃತ್ತಿ, ಒಂದು ಕಪ್. ಆ ಹನ್ನೊಂದು ಆವೃತ್ತಿಗಳ ಉದ್ದಕ್ಕೂ ಈ ಚಹಾ ಅಂಗಡಿಯ ನ್ಯಾಯಾಧೀಶರು ಮಗುಮ್ಮಾಗಿ ಕಪ್ಪಿಗೆ ಬಿಸ್ಕೀಟು ಅದ್ದಿಕೊಂಡು ಕೂತಿದ್ದರು.

ರಮೇಶ್ ಬಂದರು. 18 ಪಂದ್ಯ ಆಡಿಸಿದರು, 11 ಗೆದ್ದರು. ಲೀಗ್ ಹಂತದಲ್ಲಿ ಮೂರನೇ ಸ್ಥಾನ. 22ಕ್ಕೆ 2 ಇದ್ದದ್ದು 18ಕ್ಕೆ 11 ಆಯಿತು. ಇದನ್ನು ನಾನು ಇನ್ನೂ ಹತ್ತು ಸಲ ಬರೆಯಬಲ್ಲೆ, ಏಕೆಂದರೆ ಹತ್ತು ಸಲ ಹೇಳಿದರೂ ಕೇಳದ ಕಿವಿಗಳು ಇಲ್ಲಿವೆ. ಹೌದು, ಪ್ಲೇಆಫ್‌ನಲ್ಲಿ ತೆಲುಗು ಟೈಟನ್ಸ್ ಎದುರು 32-37ರಿಂದ ಸೋತರು, ಆಮೇಲೆ ಪಾಟ್ನಾ ಪೈರೇಟ್ಸ್ ಎದುರೂ ಸೋತು ಮನೆಗೆ ಬಂದರು. ಸೋತರು, ನಿಜ. ಆದರೆ ಪ್ಲೇಆಫ್‌ನಲ್ಲಿ ಸೋಲಬೇಕಾದರೂ ಮೊದಲು ಅಲ್ಲಿಗೆ ಹೋಗಬೇಕಲ್ಲ ಸ್ವಾಮಿ! 22ಕ್ಕೆ 2 ಗೆದ್ದವರಿಗೆ ಆ ಬಾಗಿಲು ಯಾವ ದಿಕ್ಕಿಗಿದೆ ಎಂದೂ ಗೊತ್ತಿರಲಿಲ್ಲ.

ಅಪನಂಬಿಕೆ ಶುರುವಾದದ್ದು ಮಾತ್ರ ಅಕ್ಟೋಬರಿನ ಕೊನೆಯಲ್ಲಲ್ಲ, ಆವೃತ್ತಿಯ ಮೊದಲ ವಾರದಲ್ಲೇ. ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ಮೊದಲ ಪಂದ್ಯ, ಅದೂ ಯಾರ ಮೇಲೆ? ಪುಣೇರಿ ಪಲ್ಟನ್ ಮೇಲೆ, ರಮೇಶ್ ತಾವೇ ಹಿಂದಿನ ವರ್ಷದವರೆಗೆ ಆಡಿಸುತ್ತಿದ್ದ ಹುಡುಗರ ಮೇಲೆ. 32-32 ಸಮ. ಲೀಗ್ ಪಂದ್ಯಗಳಿಗೆ ಹೊಸದಾಗಿ ತಂದ ಐದೈದು ದಾಳಿಗಳ ಟೈ-ಬ್ರೇಕರ್‌ನಲ್ಲಿ 6-4ರಿಂದ ಪುಣೆ ಗೆದ್ದಿತು. ಮುಂದಿನ ಪಂದ್ಯ ದಬಾಂಗ್ ಡೆಲ್ಲಿಗೆ ಹೋಯಿತು, ಅದರ ಮುಂದಿನದು ಯು ಮುಂಬಾಕ್ಕೆ. ಮೂರು ಪಂದ್ಯ, ಮೂರು ಸೋಲು. 'ಮುಗೀತು ಬಿಡ್ರಿ, ಇವನಿಂದ ಏನೂ ಆಗಂಗಿಲ್ಲ' ಎಂದು ಆಗಲೇ ಪಿಂಡ ಇಟ್ಟವರಿದ್ದರು. ನಾಲ್ಕನೇ ಪಂದ್ಯದಲ್ಲಿ ತಂಡ ಪಾಟ್ನಾವನ್ನು ಬಗ್ಗುಬಡಿದಾಗ ಅದೇ ಮಂದಿ ನೀಲಾಕಾಶ ನೋಡುತ್ತ ಹವಾಮಾನದ ಮಾತಾಡಿದರು.

ಮೂರು ಸೋಲಿಗೆ ಗುರುವನ್ನು ಬಲಿ ಕೊಡುವ ಚಟ ನಮಗೊಬ್ಬರಿಗೇ ಇದೆ ಅಂತಲ್ಲ. ಅಮೆರಿಕದಲ್ಲಿ ಕಾಲೇಜು ಹುಡುಗರ ಫುಟ್‌ಬಾಲಿಗೆ ಲಕ್ಷ ಮಂದಿ ಸ್ಟೇಡಿಯಮ್ಮಿನಲ್ಲಿ ಕೂರುತ್ತಾರೆ. ಅಲ್ಲಿಯ ಪೆನ್ ಸ್ಟೇಟ್ ವಿಶ್ವವಿದ್ಯಾಲಯ 2014ರಿಂದ ತನ್ನ ತಂಡ ನಡೆಸುತ್ತಿದ್ದ ಜೇಮ್ಸ್ ಫ್ರ್ಯಾಂಕ್ಲಿನ್ ಅವರನ್ನು 2025ರ ಅಕ್ಟೋಬರಿನಲ್ಲಿ ಮನೆಗೆ ಕಳಿಸಿತು. ಹಿಂದಿನ ಆವೃತ್ತಿಯಲ್ಲಷ್ಟೇ ರಾಷ್ಟ್ರೀಯ ಪ್ಲೇಆಫ್‌ನ ಸೆಮಿಫೈನಲ್ ಕಂಡ ತಂಡ ಅದು. ಕಾರಣ, ಸಾಲಾಗಿ ಮೂರು ಸೋಲು! ಅವಧಿಗೆ ಮುಂಚೆ ಕಳಿಸಿದ್ದಕ್ಕೆ ಒಪ್ಪಂದದ ಪ್ರಕಾರ ಆಗ ತೆರಬೇಕಿದ್ದ ಮೊತ್ತ ಸುಮಾರು 4.9 ಕೋಟಿ ಡಾಲರ್ ಎಂದು ಅಲ್ಲಿನ ಪತ್ರಿಕೆಗಳೆಲ್ಲ ಬರೆದವು. ಹಣ ಹೆಚ್ಚಾದವರ ಸಿಟ್ಟು, ಅವರು ತೀರಿಸಿಕೊಳ್ಳಲಿ. ಚಹಾದ ಉದ್ರಿ ತೀರಿಸಲಾಗದ ನಮ್ಮವರಿಗೆ ಆ ಗತ್ತು ಯಾಕೆ?

ಇನ್ನೊಂದು ಮಾತು ಈಚೆಗೆ ಬಹಳ ಓಡಾಡುತ್ತಿದೆ. 'ರಮೇಶ್ ಬಿಟ್ಟುಹೋದ ಮೇಲೂ ಪುಣೆ ಫೈನಲ್ಲಿಗೆ ಹೋಯಿತು, ಅಂದರೆ ಶಕ್ತಿ ಇದ್ದದ್ದು ತಂಡದಲ್ಲಿ, ಅವರಲ್ಲಲ್ಲ.' ಆಹಾ, ಏನು ತರ್ಕ! ಅಜಯ್ ಠಾಕೂರ್ 12ನೇ ಆವೃತ್ತಿಯಲ್ಲಿ ಪುಣೆಯನ್ನು ಫೈನಲ್ಲಿಗೆ ಒಯ್ದರು, ದೆಹಲಿ ಎದುರು 28-31ರಿಂದ ಸೋತರು. ಅವರ ಸಾಧನೆ ಅವರಿಗಿರಲಿ. ಆದರೆ ಅಸ್ಲಂ ಇನಾಮದಾರ್, ಪಂಕಜ್ ಮೋಹಿತೆ, ಗೌರವ್ ಖತ್ರಿ, ಅಬಿನೇಶ್ ನಡರಾಜನ್, ಇವರೆಲ್ಲ 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು 28-25ರಿಂದ ಮಣಿಸಿ ಪುಣೆಗೆ ಮೊದಲ ಕಪ್ ತಂದಾಗ ಪಕ್ಕದಲ್ಲಿ ನಿಂತಿದ್ದ ಗುರು ಯಾರು? ಅದಕ್ಕೂ ಮುಂಚೆ 2019ರಲ್ಲಿ ಅಹಮದಾಬಾದಿನಲ್ಲಿ ಬೆಂಗಾಲ್ ವಾರಿಯರ್ಸ್ ದೆಹಲಿಯನ್ನು 39-34ರಿಂದ ಸೋಲಿಸಿ ಕಪ್ ಎತ್ತಿತಲ್ಲ, ನಾಯಕ ಮಣಿಂದರ್ ಸಿಂಗ್ ಗಾಯಗೊಂಡು ಹೊರಗೆ ಕೂತಿದ್ದ ಫೈನಲ್ ಅದು, ಅಲ್ಲಿಯ ಗುರು ಯಾರು? ಎರಡು ಬೇರೆ ಊರು, ಎರಡು ಕಪ್, ಒಬ್ಬನೇ ಮನುಷ್ಯ. ಪ್ಲೇಆಫ್‌ನ ಇಲಿಯಂತೆ!

ಹಾಗಂತ ಎದುರು ಕಟ್ಟೆಯಲ್ಲಿ ಕೂತವರನ್ನೂ ನಾನು ಹಾರ ಹಾಕಿ ಕರೆಯಲಾರೆ. ಅವರದು ಬೇರೆ ರಾಗ. 'ರಮೇಶ್ ನಮ್ಮವ, ಕನ್ನಡದವ, ಆದ್ದರಿಂದ ನಂಬಬೇಕು.' ನಮ್ಮವ ಎಂಬ ಒಂದೇ ಕಾರಣಕ್ಕೆ ನಂಬುವುದು ಅಂದರೆ ಅವರ ಕೆಲಸವನ್ನು ನೋಡಿಯೇ ಇಲ್ಲ ಎಂದರ್ಥ. ಭಾರತ ತಂಡಕ್ಕೆ ಆಡಿ ಅರ್ಜುನ ಪ್ರಶಸ್ತಿ ಪಡೆದ ಆಟಗಾರನಿಗೆ ಜನ್ಮಸ್ಥಳದ ಶಿಫಾರಸು ಬೇಕೆ? ಮಜಾ ಏನೆಂದರೆ, ಅವರು ಪುಣೆಯಲ್ಲಿದ್ದಾಗ ನಮ್ಮೂರಲ್ಲಿ ಎರಡೂ ಕಟ್ಟೆಗಳಿಗೆ ಪ್ರೀತಿಯವರಾಗಿದ್ದರು. ಮಹಾರಾಷ್ಟ್ರದ ತಂಡ ಅಂತ ಒಂದು ಕಟ್ಟೆ, ಕನ್ನಡದ ಗುರು ಅಂತ ಇನ್ನೊಂದು. ದಕ್ಷಿಣ ಸೊಲ್ಲಾಪುರ ತಾಲೂಕಿನ ಮನೆಗಳಲ್ಲಿ ಇಂಥ ಎರಡೆರಡು ನಿಷ್ಠೆ ಹೊಸದೇನಲ್ಲ. ರೇಷನ್ ಕಾರ್ಡು ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ. ಅವರು ಬೆಂಗಳೂರಿಗೆ ಹೋದದ್ದೇ ತಡ, ಪುಣೆಯವರಿಗೆ ದ್ರೋಹಿಯಾದರು, ಬುಲ್ಸ್‌ನವರಿಗೆ ಪರೀಕ್ಷೆಗೆ ಕೂತ ವಿದ್ಯಾರ್ಥಿಯಾದರು.

ರಮೇಶ್ ಅವರನ್ನು ನಂಬಬೇಕಾದದ್ದು ಅವರು ಮ್ಯಾಟಿನ ಮೇಲೆ ಮಾಡಿದ್ದಕ್ಕೆ. ಬುಲ್ಸ್ ಹಳೇ ಚಾಳಿ ಏನು? ಒಬ್ಬ ದೊಡ್ಡ ದಾಳಿಗಾರನನ್ನು ಕೊಳ್ಳುವುದು, ಉಳಿದ ಆರು ಮಂದಿ ಅವನ ಬೆನ್ನು ನೋಡುತ್ತ ನಿಲ್ಲುವುದು. ಪವನ್ ಸೆಹ್ರಾವತ್ ಇದ್ದಾಗ ಅದು ನಡೆಯಿತು. 2019ರ ಜನವರಿ 5ರ ಫೈನಲ್ಲಿನಲ್ಲಿ ಗುಜರಾತ್ ವಿರುದ್ಧ ತಂಡ ಗಳಿಸಿದ 38 ಅಂಕಗಳಲ್ಲಿ 22 ಅವನೊಬ್ಬನದೇ. ಆ ಕಪ್ಪಿನ ತರಬೇತಿ ಬಳಗದಲ್ಲೂ ರಮೇಶ್ ಇದ್ದರು ಎಂಬುದು ಎಷ್ಟು ಮಂದಿಗೆ ನೆನಪಿದೆಯೋ! ಆ ಒಂದು ರಾತ್ರಿಯ ಅಮಲಿನಲ್ಲಿ ತಂಡ ಆರು ವರ್ಷ ಕಳೆಯಿತು. 9ನೇ ಆವೃತ್ತಿಗೆ ವಿಕಾಸ್ ಕಂಡೋಲಾ ಮೇಲೆ 1.70 ಕೋಟಿ ರೂಪಾಯಿ ಸುರಿದರು. 11ನೇ ಆವೃತ್ತಿಗೆ ಪರದೀಪ್ ಬಂದ, ಅಂಗಿಯ ಮೇಲೆ ಹೆಸರು ದೊಡ್ಡದಿತ್ತು, ಕಾಲಲ್ಲಿ ವೇಗ ಉಳಿದಿರಲಿಲ್ಲ. ಫಲ ಗೊತ್ತೇ ಇದೆಯಲ್ಲ, 22ಕ್ಕೆ 2.

ರಮೇಶ್ ತಂಡ ಕಟ್ಟುವ ರೀತಿ ಬೇರೆ. 2024ರ ಫೈನಲ್ಲಿನ ಪುಣೆಯಲ್ಲಿ 22 ಅಂಕ ತರುವ ವೀರ ಒಬ್ಬನೂ ಇರಲಿಲ್ಲ, ಇಡೀ ತಂಡದ್ದೇ 28 ಅಂಕ. ಮೂಲೆಯಲ್ಲಿ ನಿಂತವನು ಕಾಲು ಹಿಡಿದರೆ ಕವರ್‌ನಲ್ಲಿದ್ದವನು ಅದೇ ಉಸಿರಿಗೆ ಸೊಂಟಕ್ಕೆ ಬರಬೇಕು. ದಾಳಿಗಾರ ಬೋನಸ್ ಗೆರೆಗೆ ಬರಲಿ ಎಂದು ಕಾಯುವ ತಾಳ್ಮೆ ಬೇಕು, ಇಲ್ಲದಿದ್ದರೆ ಮುನ್ನುಗ್ಗಿದವನು ಔಟಾಗಿ ಬೆಂಚಿಗೆ ಹೋಗುತ್ತಾನೆ. ಜಾತ್ರೆಯ ಮಣ್ಣಿನಲ್ಲಿ ಆಡಿದ ಯಾರಿಗಾದರೂ ಇದು ಗೊತ್ತು. ಹೇಳುವುದು ಸುಲಭ, ಏಳು ಮಂದಿಗೆ ಕಲಿಸಲು ತಿಂಗಳುಗಳು ಬೇಕು. ಬೆಂಗಳೂರಿಗೆ ಬಂದು ಅವರು ಅದನ್ನೇ ಮಾಡಿದರು. ಹಿಡಿಯಲು ಯೋಗೇಶ್ ದಹಿಯಾ, ದಾಳಿಗೆ ಇರಾನಿನ ಅಲಿರೇಜಾ ಮಿರ್ಜೈಯಾನ್, ಪುಣೆಯಲ್ಲಿ ತಮ್ಮ ಕೈಕೆಳಗೆ ಆಡಿದ್ದ ಆಕಾಶ್ ಶಿಂದೆ. ಹರಾಜಿನ ದಿನ ಈ ಪಟ್ಟಿ ನೋಡಿ 'ಸ್ಟಾರ್ ಎಲ್ಲಿದಾನ?' ಎಂದು ಮೂಗು ಮುರಿದವರು, ಮಿರ್ಜೈಯಾನ್ ಅಂಕದ ಮೇಲೆ ಅಂಕ ತರತೊಡಗಿದಾಗ 'ನಾ ಮೊದಲs ಹೇಳಿದ್ದೆ' ಎಂದರು. ಹೇಳಿರಲಿಲ್ಲ, ನಾನು ಅಲ್ಲೇ ಇದ್ದೆ.

ಅಭಿಮಾನಿಗಳನ್ನು ಬೈಯುತ್ತ ಹೊರಟ ನನಗೆ ಬೈಗುಳದ ದೊಡ್ಡ ಪಾಲು ಬೇರೆಯವರಿಗೆ ಸಲ್ಲಬೇಕು ಅನ್ನಿಸುತ್ತದೆ. ಒಬ್ಬ ಗುರುವಿನ ಮೇಲೆ ಊರಿಗೆ ನಂಬಿಕೆ ಹುಟ್ಟುವುದು ಹೇಗೆ? ಕಣ್ಣಾರೆ ಕಂಡು. ಟೈಮ್‌ಔಟಿನಲ್ಲಿ ಹುಡುಗನ ಹೆಗಲ ಮೇಲೆ ಅವರು ಕೈಯಿಟ್ಟದ್ದನ್ನು, ತಪ್ಪಿದವನನ್ನು ಗದರಿದ್ದನ್ನು ಗ್ಯಾಲರಿಯಿಂದ ನೋಡಿ. ಬೆಂಗಳೂರು ಎಂಬ ಹೆಸರು ಹೊತ್ತ ಈ ತಂಡ 12ನೇ ಆವೃತ್ತಿಯಲ್ಲಿ ಬೆಂಗಳೂರಿನಲ್ಲಿ ಆಡಿದ ಪಂದ್ಯ ಎಷ್ಟು? ಸೊನ್ನೆ. ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ, ಇಷ್ಟೇ ಊರು. ಅದರ ಹಿಂದಿನ ವರ್ಷ ಹೈದರಾಬಾದ್, ನೋಯ್ಡಾ, ಪುಣೆ. ಆಗಲೂ ಸೊನ್ನೆ. 8ನೇ ಆವೃತ್ತಿ ಪೂರ್ತಿ ಬೆಂಗಳೂರಿನಲ್ಲೇ ನಡೆಯಿತು, ವೈಟ್‌ಫೀಲ್ಡಿನ ಹೋಟೆಲಿನಲ್ಲಿ, ಕೋವಿಡ್ ಕಾರಣಕ್ಕೆ ಒಬ್ಬನೇ ಒಬ್ಬ ಪ್ರೇಕ್ಷಕನಿಲ್ಲದೆ. ಇನ್ನೂ ಹಿಂದೆ ಹೋಗಿ. 2017ರಲ್ಲಿ ಬುಲ್ಸ್ ತವರು ಪಂದ್ಯಗಳು ನಾಗಪುರದಲ್ಲಿ! 2018ರಲ್ಲಿ, ಅವರು ಕಪ್ ಗೆದ್ದ ಆವೃತ್ತಿಯಲ್ಲಿ, ತವರು ಪುಣೆ!

ತವರಿನ ಮಾತು ಬಂತಲ್ಲ, ಕರ್ನಾಟಕ-ಮಹಾರಾಷ್ಟ್ರದ ಗಡಿ ಎಲ್ಲಿ ಎಳೆಯಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಅಂದಿನಿಂದ ಎರಡೂ ರಾಜ್ಯಗಳ ಮುಖಂಡರು ಚುನಾವಣೆ ಬಂದಾಗೆಲ್ಲ ಅಕ್ಕಲಕೋಟೆ, ಸೊಲ್ಲಾಪುರ, ಜತ್ತ ಎಂದು ನಮ್ಮ ಹೆಸರು ಜಪಿಸುತ್ತಾರೆ. ಒಂದು ಕನ್ನಡ ಶಾಲೆಗೆ ಮಾಸ್ತರನ್ನು ಕಳಿಸಿ ಎಂದರೆ ಇಬ್ಬರೂ ಕಿವುಡರು. ಕರ್ನಾಟಕದ ತಂಡಕ್ಕೆ ಮಾತ್ರ ಮಹಾರಾಷ್ಟ್ರ ಎರಡು ವರ್ಷ ತವರಾಯಿತು, ಯಾವ ಆಯೋಗವೂ ಬೇಕಾಗಲಿಲ್ಲ. ಮಂದ್ರೂಪದವರು ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಕೂತಿದ್ದೇವೆ.

ಬುಲ್ಸ್ ತಂಡದೊಳಗೆ ಕನ್ನಡದ ಹುಡುಗರೆಷ್ಟು ಎಂದು ಕೇಳಿದರೆ ಬೆರಳು ಮಡಿಸುವುದೂ ಬೇಗ ಮುಗಿಯುತ್ತದೆ. ಪುತ್ತೂರಿನ ಕಡೆಯ ಪ್ರಶಾಂತ್ ಕುಮಾರ್ ರೈ ಪಾಟ್ನಾದ ನಾಯಕನಾಗಿ 2022ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಫೈನಲ್ ಆಡಿದ, ಒಂದೇ ಅಂಕದಿಂದ ಕಪ್ ತಪ್ಪಿತು. ಸುಕೇಶ್ ಹೆಗ್ಡೆ ಹೈದರಾಬಾದಿಗೂ ಗುಜರಾತಿಗೂ ದುಡಿದ. ಬುಲ್ಸ್ ಮಾಲೀಕರು ಆಗ ಹರಿಯಾಣದ ದಾರಿಯಲ್ಲಿ ಕಣ್ಣು ನೆಟ್ಟಿದ್ದರು. 12ನೇ ಆವೃತ್ತಿಯಲ್ಲಿ ಗಣೇಶ ಹನಮಂತಗೋಳ ಎಂಬ ದಾಳಿಗಾರ ಬುಲ್ಸ್ ಅಂಗಿ ತೊಟ್ಟು ಮ್ಯಾಟಿಗಿಳಿದಾಗ ಆ ಅಡ್ಡಹೆಸರು ಕೇಳಿಯೇ ನಮ್ಮ ಕಡೆಯ ಮನೆಗಳಲ್ಲಿ ಟಿವಿ ಸದ್ದು ಏರಿತು. ಅವನನ್ನು ಆಡಿಸಿದ್ದು ಯಾರೆಂದು ನಾನು ಹೇಳಬೇಕಾಗಿಲ್ಲ.

ಆದ್ದರಿಂದ ತೀರ್ಪು ಕೊಡುವವರೇ, ಹನ್ನೊಂದು ಆವೃತ್ತಿ ಸಹಿಸಿದ ನಿಮಗೆ ಇನ್ನೆರಡು ಸಹಿಸಲು ಏನು ಕಷ್ಟ? ಮುಗಿದದ್ದೂ ಸೇರಿ ರಮೇಶ್ ಅವರಿಗೆ ಮೂರು ಹರಾಜು ಕೊಡಿ. ಆಗಲೂ ಕಪ್ ಬಾರದಿದ್ದರೆ ನಿಮ್ಮ ಜೊತೆ ಕೂತು ಬೈಯಲು ನಾನೂ ಬರುತ್ತೇನೆ, ಚಹಾ ನನ್ನ ಲೆಕ್ಕದಲ್ಲಿ. ಸದ್ಯಕ್ಕೆ ಆ ಸಿಟ್ಟನ್ನು ಬುಲ್ಸ್ ಮಾಲೀಕರ ಕಡೆಗೂ ಲೀಗ್ ನಡೆಸುವವರ ಕಡೆಗೂ ತಿರುಗಿಸಿ. ಸೊಲ್ಲಾಪುರದಿಂದ ಹಾಸನಕ್ಕೆ ಹೋಗುವ ರೈಲು ಯಶವಂತಪುರದ ಮೇಲೆಯೇ ಹೋಗುತ್ತದೆ. ಬುತ್ತಿ ಕಟ್ಟಿಕೊಂಡು ಹತ್ತಲು ನಮ್ಮ ಹುಡುಗರು ತಯಾರಿದ್ದಾರೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಪಂದ್ಯ ಯಾವಾಗ ಇಡುತ್ತೀರಿ?