ಹುಡುಗನ ಭುಜಕ್ಕೂ ಒಂದು ಲೆಕ್ಕ ಬೇಕು

ಅಕ್ಟೋಬರ್ ಬಂದು ಬಿಸಿಲು ತಗ್ಗಿತೆಂದರೆ ಅಲ್ ಮವಾಲೇಹ್‌ನ ಖಾಲಿ ಜಾಗಗಳಲ್ಲಿ ನಮ್ಮ ಮಕ್ಕಳ ಕ್ರಿಕೆಟ್ ಶುರು. ವಾರದಲ್ಲಿ ಎರಡು ಸಂಜೆ ಕೋಚಿಂಗ್, ಒಂದು ದಿನ ಶಾಲಾ ತಂಡ, ಶುಕ್ರವಾರ ಬೆಳಿಗ್ಗೆ ಅಪ್ಪಂದಿರ ಜತೆ ಟೆನಿಸ್ ಬಾಲ್ ಪಂದ್ಯ. ಹನ್ನೆರಡರ ಹುಡುಗ ಜೋರಾಗಿ ಬಾಲ್ ಹಾಕುತ್ತಾನೆಂದರೆ ಎಲ್ಲ ಕಡೆಯೂ ಚೆಂಡು ಅವನ ಕೈಗೇ. ಕೋಚ್ ತಮ್ಮ ಓವರ್ ಎಣಿಸುತ್ತಾರೆ, ಶಾಲೆಯವರು ತಮ್ಮದನ್ನು. ಶುಕ್ರವಾರದ್ದು ಯಾವ ಖಾತೆಗೂ ಬೀಳುವುದಿಲ್ಲ. ಎಲ್ಲ ಕೂಡಿಸಿದ ಮೊತ್ತ ಹುಡುಗನ ಭುಜಕ್ಕೆ ಮಾತ್ರ ಗೊತ್ತು.

ಅಮೆರಿಕದ ಮಕ್ಕಳ ಬೇಸ್‌ಬಾಲ್‌ನಲ್ಲಿ ಈ ಲೆಕ್ಕ ಕಟ್ಟುನಿಟ್ಟು. ಲಿಟಲ್ ಲೀಗ್ 2007ರಿಂದ ಇನಿಂಗ್ಸ್ ಬಿಟ್ಟು ಎಸೆತಗಳನ್ನೇ ಎಣಿಸುತ್ತಿದೆ. 11–12ರ ವಯಸ್ಸಿನ ಪಿಚರ್‌ಗೆ ದಿನಕ್ಕೆ 85 ಎಸೆತ ಮಿತಿ. 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಕ್ರಿಕೆಟ್‌ಗೆ ಈ ಅಂಕಿ ಹಾಗೇ ಹೊಂದದು, ನೇರ ತೋಳಿನ ಬೌಲಿಂಗ್ ಬೆನ್ನನ್ನೂ ದಣಿಸುತ್ತದೆ. ಆದರೆ ಬೌಂಡರಿಯಿಂದ ಕೀಪರ್‌ಗೆ ಎಸೆಯುವುದು ಹೆಚ್ಚುಕಡಿಮೆ ಬೇಸ್‌ಬಾಲ್ ಎಸೆತವೇ. ಅದನ್ನಂತೂ ನಮ್ಮಲ್ಲಿ ಯಾರೂ ಎಣಿಸುವುದಿಲ್ಲ.

ಭುಜದ ಕೀಲೆಂದರೆ ಆಳವಿಲ್ಲದ ಬಟ್ಟಲಿನಲ್ಲಿ ಕೂತ ಗುಂಡು. ಅದನ್ನು ಹಿಡಿದಿಡುವುದು ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳು. ಚೆಂಡು ಕೈಬಿಟ್ಟ ಮೇಲೆ ತೋಳಿಗೆ ಬ್ರೇಕ್ ಹಾಕುವುದು ಭುಜದ ಹಿಂಬದಿ. ದಣಿದಷ್ಟೂ ಅದು ಬಿಗಿಯುತ್ತದೆ, ತೋಳು ಒಳಮುಖವಾಗಿ ತಿರುಗುವುದು ಕಡಿಮೆಯಾಗುತ್ತದೆ. ಬೆಳೆಯುವ ಮಕ್ಕಳಲ್ಲಿ ತೋಳಿನ ಎಲುಬಿನ ಮೇಲ್ತುದಿಯ ಬೆಳವಣಿಗೆಯ ಪದರವೇ ನೋಯಬಹುದು. ಹಾಗಾಗಿ ಎದೆ ಉಬ್ಬಿಸುವ ದಂಡ ಮಾತ್ರ ಸಾಲದು, ರಬ್ಬರ್ ಪಟ್ಟಿ ಹಿಡಿದು ಹಿಂಬದಿಯನ್ನೂ ಬಲಪಡಿಸಬೇಕು. ಮಗನನ್ನು ಅಂಗಾತ ಮಲಗಿಸಿ, ಮೊಣಕೈ ಭುಜದ ಮಟ್ಟದಲ್ಲಿಟ್ಟು ಮಡಿಸಿ, ಅಂಗೈಯನ್ನು ಕಾಲಿನ ಕಡೆಗೆ ಇಳಿಸಲು ಹೇಳಿ. ಎರಡೂ ಕೈ ಹೋಲಿಸಿ. ಎಸೆಯುವ ಕೈ ತೀರಾ ಹಿಂದುಳಿದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗುವುದು ಒಳ್ಳೆಯದು.

ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಅವರನ್ನು 1997ರಲ್ಲಿ ತಿಂಗಳುಗಟ್ಟಲೆ ಹೊರಗಿಟ್ಟದ್ದು ಇದೇ ರೊಟೇಟರ್ ಕಫ್. ಅವರು ಮರಳಿ ಬಂದು 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ 86 ರನ್ನಿಗೆ 8 ವಿಕೆಟ್ ಪಡೆದರು. ಆದರೆ ಅದು ಬೆಳೆದ ಮೈ, ಹಿಂದೆ ದೇಶದ ತಂಡದ ಆರೈಕೆ. ನಮ್ಮ ಮಕ್ಕಳ ಕಿಟ್‌ನಲ್ಲಿರುವುದು ನೋವಿನ ಸ್ಪ್ರೇ. ನೋವೆಂದವನಿಗೆ ಅದನ್ನು ಹೊಡೆದು ಇನ್ನೊಂದು ಓವರ್ ಕೊಡುವ ಚಾಳಿ ನಿಲ್ಲಬೇಕು.

ಸ್ಪ್ರೇ ಇರುವ ಜಾಗದಲ್ಲಿ ಒಂದು ನೋಟ್‌ಬುಕ್ ಇರಲಿ. ಯಾವ ದಿನ, ಎಲ್ಲಿ, ಎಷ್ಟು ಓವರ್, ಅಷ್ಟೇ ಬರೆದರೆ ಸಾಕು. ಕನ್ನಡಿಗರ ಪಂದ್ಯಾವಳಿ ನಡೆಸುವವರು ಟಾಸ್‌ಗೆ ಮುಂಚೆ ಅದನ್ನು ಕೇಳಿ ನೋಡಲಿ.