ಪುಟ್ಟ ಮಕ್ಕಳ ಮೊಬೈಲ್ ಬಳಕೆ: ಶಾಲೆಯಲ್ಲೇ ತಿಳಿವಳಿಕೆ ಕೊಡಿ



ಕೊರೊನಾ ಕಾಲದಲ್ಲಿ ಅನಿವಾರ್ಯವಾಗಿ ಶುರುವಾದ ವಾಟ್ಸ್‌ಆ್ಯಪ್ ಹೋಂವರ್ಕ್ ನಮ್ಮ ಕಡೆ ಇನ್ನೂ ನಿಂತಿಲ್ಲ. ಮೂರನೇ ತರಗತಿಯ ಮಗು ಅಮ್ಮನ ಮೊಬೈಲ್ ನೋಡಿಕೊಂಡು ಬರೆಯುತ್ತದೆ. ಬರೆದು ಮುಗಿದ ಮೇಲೂ ಮೊಬೈಲ್ ಕೆಳಗಿಡುವುದಿಲ್ಲ. ಬ್ಯಾಂಕಿನ ಒಟಿಪಿ ಬರುವುದೂ ಅದಕ್ಕೇ. ಆಟ ಆಡುವಾಗ ಗುರುತು ಪರಿಚಯ ಇಲ್ಲದವರು 'ಯಾವ ಸ್ಕೂಲು? ಫೋಟೊ ಕಳಿಸು' ಎಂದು ಕೇಳುವುದೂ ಅದರಲ್ಲೇ. ನಮ್ಮ ಬೀದಿಯ ಹುಡುಗಿಯೊಬ್ಬಳು ಇಂಥ ಮೆಸೇಜನ್ನು ಮನೆಯಲ್ಲಿ ಹೇಳದೆ ಮುಚ್ಚಿಟ್ಟಿದ್ದಳು. ಬೈದು ಮೊಬೈಲ್ ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆ ಅವಳಿಗೆ. ಈ ಹೆದರಿಕೆಯೇ ದೊಡ್ಡ ಅಪಾಯ. ಹೇಳಿಕೊಂಡ ಮಗುವನ್ನು ದಯವಿಟ್ಟು ಯಾರೂ ಗದರಬೇಡಿ.

ಶಾಲೆಗಳೂ ಎಚ್ಚರ ವಹಿಸಬೇಕು. ಬಹುಮಾನ ಪಡೆದ ಮಕ್ಕಳ ಫೋಟೊವನ್ನು ಹೆಸರು, ತರಗತಿ ಸಮೇತ ಫೇಸ್‌ಬುಕ್‌ಗೆ ಹಾಕುವ ಮುನ್ನ ಹೆತ್ತವರನ್ನು ಒಂದು ಮಾತು ಕೇಳಲಿ.

ಶಿಕ್ಷಣ ಇಲಾಖೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಗಳಲ್ಲಿ ಮಕ್ಕಳ ಮೊಬೈಲ್ ಬಳಕೆಯ ವಿಷಯವನ್ನು ಕಡ್ಡಾಯವಾಗಿ ಚರ್ಚೆಗೆ ತರಬೇಕು. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ತಮ್ಮ ಅನುಭವ ಹೇಳಿಕೊಳ್ಳಲು ಅವಕಾಶ ಸಿಗಲಿ. ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆ ದೂರಿಗೆ 1930: ಈ ಎರಡು ಸಂಖ್ಯೆಗಳನ್ನು ಪ್ರತಿ ಶಾಲೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರದಲ್ಲಿ, ದಪ್ಪಕ್ಷರದಲ್ಲಿ ಬರೆಸಲು ಹೆಚ್ಚೇನೂ ಖರ್ಚಾಗದು. ಹೊಸ ಸುತ್ತೋಲೆಗೆ ಕಾಯದೆ ಮುಖ್ಯ ಶಿಕ್ಷಕರು ಈ ವಾರವೇ ಇದನ್ನು ಮಾಡಿಸಬೇಕೆಂದು ಕೋರುತ್ತೇನೆ.

– ಒಬ್ಬ ಪೋಷಕಿ, ತುಮಕೂರು ಜಿಲ್ಲೆ